ಪಕ್ಕದ ಮನೆಯಲ್ಲಿಟ್ಟ ಚೀಲ, ಮುಂಬೈಗೆ ಎರಡು ದಾರಿ

ಮಂಡ್ಯದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಗೂ ಒಂದು ಬೇಕರಿಗೂ ನಡುವೆ ಸಿಕ್ಕಿಹಾಕಿಕೊಂಡಿರುವ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ನಾನು ಟಿಕೆಟ್ ಮಾಡಿಸಿಕೊಡುವ ಕೆಲಸ ಮಾಡುತ್ತಿದ್ದೆ. ಸೇರಿದಾಗ ಎರಡು ಜಡೆ ಹಾಕುತ್ತಿದ್ದೆ, ಬಿಡುವಾಗ ಎರಡು ಕನ್ನಡಕ ಇಟ್ಟುಕೊಂಡಿದ್ದೆ. ಈಗ ನನ್ನ ಕುರ್ಚಿಯಲ್ಲಿ ಚೈತ್ರಾ ಎಂಬ ಹುಡುಗಿ ಕೂರುತ್ತಾಳೆ. ಕೆಲಸ ಕಲಿಯಲು ಬಂದ ಮೊದಲ ದಿನವೇ, "ಎಲ್ಲ ಫೋನಲ್ಲೇ ಬರುತ್ತಲ್ಲ ಮೇಡಂ, ಇದರಲ್ಲಿ ಕಲಿಯೋದು ಏನಿದೆ?" ಎಂದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಕಾಫಿ ತರಿಸುವುದು ನನ್ನ ಅಭ್ಯಾಸ. ಎರಡು ಕಾಫಿ ಆದರೂ ಹೇಳಿ ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಚೈತ್ರಾ ಓದುತ್ತಾಳೋ ಇಲ್ಲವೋ, ಬೇರೆ ಯಾರಾದರೂ ಓದಲಿ.

ಆಫೀಸಿನ ಯಜಮಾನರು ಶ್ರೀಕಂಠಯ್ಯನವರು. ಬಿಳಿ ಪಂಚೆ, ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಯಾವಾಗಲೂ ಸ್ವಲ್ಪ ಖಾರ. ಅವರ ಮನಸ್ಸೆಲ್ಲ ರೈಲಿನ ಮೇಲೆ. ವಿಮಾನದ ಟಿಕೆಟ್ ಕೇಳಿ ಬಂದವರನ್ನು, ಮನೆ ಬಿಟ್ಟು ಓಡಿಹೋಗುತ್ತಿದ್ದಾರೇನೋ ಎಂಬಂತೆ ನೋಡುತ್ತಿದ್ದರು. ಆಗೆಲ್ಲ ನಮ್ಮಲ್ಲಿ ವಿಮಾನ ಕೇಳುವವರೇ ಅಪರೂಪ. ಬೆಂಗಳೂರಿನ ಏಜೆಂಟರಿಗೆ ಫೋನ್ ಮಾಡಿ, ಹೆಸರಿನ ಒಂದೊಂದು ಅಕ್ಷರವನ್ನೂ ಕೂಗಿ ಹೇಳಬೇಕಿತ್ತು. ಪಕ್ಕದ ಬೇಕರಿಯವನಿಗೆ ನಮ್ಮ ಗಿರಾಕಿಗಳೆಲ್ಲರ ಪೂರ್ತಿ ಹೆಸರು ಗೊತ್ತಾಗುತ್ತಿದ್ದದ್ದು ಹಾಗೆಯೇ.

ಅವರು ನನಗೆ ಕಲಿಸಿದ್ದು ಒಂದೇ ಮಾತು. "ಊರು ಕೇಳಬೇಡಮ್ಮ ಸುಶೀಲಾ, ಮನೆ ಕೇಳು." ಆ ಮಾತನ್ನು ಅವರಿಗೆ ಕಲಿಸಿದ್ದು ವೈದ್ಯನಾಥಪುರದ ಒಬ್ಬ ಮೇಷ್ಟ್ರು. ಮೇಷ್ಟ್ರೂ ಅವರ ಹೆಂಡತಿಯೂ ಗೋವಾದಲ್ಲಿದ್ದ ಸ್ನೇಹಿತರ ಮನೆಗೆ ಹೊರಟಿದ್ದರು. ಇದು ಈಚಿನ ವರ್ಷಗಳ ವಿಷಯ, ಗೋವಾಕ್ಕೆ ಆಗತಾನೆ ಎರಡನೆಯ ವಿಮಾನ ನಿಲ್ದಾಣ ಆಗಿತ್ತು. ಒಂದು ಉತ್ತರದ ಕಡೆ, ಇನ್ನೊಂದು ಅದಕ್ಕಿಂತ ಕೆಳಗೆ. ಯಜಮಾನರು ಟಿಕೆಟ್ ಅಗ್ಗವೆಂದು ಉತ್ತರದ್ದಕ್ಕೆ ಮಾಡಿಸಿದರು. ಸ್ನೇಹಿತರ ಮನೆ ಇದ್ದದ್ದು ದಕ್ಷಿಣದ ತುದಿಯಲ್ಲಿ, ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ಕಾರವಾರವೇ ಸಿಗುತ್ತಿತ್ತು. ಮೇಷ್ಟ್ರು ವಾಪಸ್ ಬಂದು ನಮ್ಮ ಬೆಂಚಿನ ಮೇಲೆ ಕೂತು ಬಹಳ ನಯವಾಗಿ ಹೇಳಿದರು: "ಶ್ರೀಕಂಠಯ್ಯನವರೇ, ಆಕಾಶದಲ್ಲಿ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಇಳಿಸಿಬಿಟ್ಟರು. ಆಮೇಲೆ ಟ್ಯಾಕ್ಸಿಯಲ್ಲಿ ನಮ್ಮ ಮದುವೆಯಾದಾಗಿನಿಂದ ಆಡಿದ ಜಗಳವನ್ನೆಲ್ಲ ಇನ್ನೊಂದು ಸಲ ಆಡಿ ಮುಗಿಸಿದೆವು, ಆದರೂ ಮನೆ ಬರಲಿಲ್ಲ." ಯಜಮಾನರು ಅವತ್ತು ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ. ಸಂಜೆ ಕರೆದು ಈ ಪಾಠ ಹೇಳಿದರು.

ಅಲ್ಲಿಂದಾಚೆಗೆ ನಾನು ಯಾರೇ ಬಂದು "ಡೆಲ್ಲಿಗೆ" ಅಂದರೂ, "ಡೆಲ್ಲಿಯಲ್ಲಿ ಎಲ್ಲಿ?" ಎನ್ನುತ್ತಿದ್ದೆ. ಬಂದವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತಿತ್ತು. ಮಳವಳ್ಳಿಯ ಒಬ್ಬ ರೇಷ್ಮೆ ವ್ಯಾಪಾರಿ, "ಅದೆಲ್ಲ ನಿಮ್ಗೆ ಯಾಕ್ರೀ, ನೀವೇನು ಅಲ್ಗೂ ಬತ್ತೀರಾ?" ಎಂದು ಕೇಳಿಯೇಬಿಟ್ಟ. ಬರುವುದಿಲ್ಲ, ಆದರೆ ನೀವು ದಾರಿ ತಪ್ಪಿದರೆ ಬೈಯುವುದು ನನ್ನನ್ನೇ ಎಂದೆ. ಅವನು ನಕ್ಕು ಮನೆಯ ವಿಳಾಸ ಕೊಟ್ಟ. ಬಾಡಿಗೆ ಕಾರಿನವನಿಗೆ ಹೇಳುವ ವಿಳಾಸವನ್ನು ಟಿಕೆಟ್ ಮಾಡಿಸುವ ಮೊದಲೇ ತಿಳಿದುಕೊಳ್ಳಿ. ನಮ್ಮ ಕೆಲಸದ ಅರ್ಧ ಭಾಗ ಇಷ್ಟೇ.

ಇನ್ನರ್ಧ ನಮ್ಮ ಕಡೆಯದು, ಎಲ್ಲಿಂದ ಹೊರಡಬೇಕು ಎಂಬುದು. ಮಂಡ್ಯ, ಮದ್ದೂರಿನವರಿಗೆ ಮೈಸೂರಿನ ವಿಮಾನ ನಿಲ್ದಾಣ ಹತ್ತಿರ, ಆದರೆ ಅಲ್ಲಿಂದ ಹೋಗುವ ಊರುಗಳು ಕಡಿಮೆ. ಬೆಂಗಳೂರಿನದು ಎಲ್ಲ ಊರಿಗೂ ಹೋಗುತ್ತದೆ, ಆದರೆ ಅದಿರುವುದು ನಗರದ ಆ ಮಗ್ಗುಲಿಗೆ. ಹೊಸ ಹೆದ್ದಾರಿ ಆದ ಮೇಲೆ ನಮ್ಮವರಿಗೆ ಭಂಡ ಧೈರ್ಯ ಬಂದಿದೆ. ಕೆಂಗೇರಿವರೆಗೆ ಜುಮ್ಮೆಂದು ಹೋಗುತ್ತಾರೆ, ಅಲ್ಲಿಂದ ಮುಂದೆ ಕಾರಿನಲ್ಲಿ ಕೂತು ದೇವರ ನಾಮ ಹೇಳುತ್ತಾರೆ. ಒಬ್ಬರೇ ಹೋಗುವವರಿಗೆ ನಾನು ಕೊಡುತ್ತಿದ್ದ ಸಲಹೆ ರೈಲು. ರೈಲು ಊರಿನ ನಡುವೆ ಇಳಿಸುತ್ತದೆ, ಎದುರಿಗೇ ಮೆಜೆಸ್ಟಿಕ್, ಅಲ್ಲಿ ಏರ್‌ಪೋರ್ಟ್ ಬಸ್ಸು. ಮಕ್ಕಳು ಮರಿ, ಸಾಮಾನು ಇದ್ದರೆ ಮಾತ್ರ ಕಾರು.

ಕಾರು ಅಂದಾಗ ಶಿವಪುರದ ಒಂದು ಮನೆಯವರು ನೆನಪಾಗುತ್ತಾರೆ. ಹೋಗುವವನು ಒಬ್ಬ. ಮೊದಲ ಸಲ ವಿಮಾನ ಹತ್ತುತ್ತಾನೆಂದು ಕಳಿಸಿಕೊಡಲು ಮನೆಮಂದಿಯೆಲ್ಲ ಹೊರಟರು. ನಾವು ಕಳಿಸಿದ ವ್ಯಾನಿನಲ್ಲಿ ಅತ್ತೆ, ಮಾವ, ಚಿಕ್ಕಪ್ಪಂದಿರು, ಒಬ್ಬ ಬಾಣಂತಿ, ಅವಳ ಮಗು ಎಲ್ಲರೂ ಕೂತರು. ಕೊನೆಗೆ ಹೋಗುವವನಿಗೇ ಜಾಗ ಇಲ್ಲ. ಹಿರಿಯರನ್ನು ಇಳಿಯಿರಿ ಅನ್ನುವುದು ಹೇಗೆ? ಪಾಪ, ಅವನು ಬಸ್ಸು ಹತ್ತಿ ಹೋದ. ಅವನು ತಲುಪಿ ಒಳಗೆ ಹೋದ, ವಿಮಾನವೂ ಹಾರಿತು. ಕಳಿಸಿಕೊಡುವವರು ಇನ್ನೂ ಮದ್ದೂರಿನಲ್ಲಿ ವಡೆ ತಿನ್ನುತ್ತಿದ್ದರು.

ಈಗ ಗೌರಮ್ಮನ ವಿಷಯಕ್ಕೆ ಬರುತ್ತೇನೆ. ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು. ನನ್ನ ಇಡೀ ಕೆಲಸವನ್ನು ಉಲ್ಟಾ ಮಾಡಿ ತೋರಿಸಿದ ಹೆಂಗಸು ಅವಳು.

ಚಿಕ್ಕರಸಿನಕೆರೆಯ ನಿಂಗೇಗೌಡ ಮತ್ತು ಅವನ ಹೆಂಡತಿ ಗೌರಮ್ಮ ಮುಂಬೈಗೆ ಹೋಗಬೇಕಿತ್ತು. ನಿಂಗೇಗೌಡನ ತಂಗಿ ಜಯಮ್ಮ ಅಲ್ಲಿದ್ದಾಳೆ, ಅವಳ ಮಗಳ ಮದುವೆ. ನಮ್ಮ ಕಡೆ ಸೋದರಮಾವ ಕೈಹಿಡಿದು ಕರೆತರದೆ ಹುಡುಗಿ ಧಾರೆಗೆ ಏಳುವುದಿಲ್ಲ. ಹಿಂದಿನ ದಿನದ ಚಪ್ಪರದ ಶಾಸ್ತ್ರಕ್ಕೂ ಅವನೇ ಬೇಕು. ನಾನು ಎಂದಿನಂತೆ ಮನೆ ಕೇಳಿದೆ. ಪನ್ವೇಲ್ ಎಂದರು. ಮುಂಬೈಗೂ ಈಗ ಎರಡು ವಿಮಾನ ನಿಲ್ದಾಣ ಆಗಿದೆ. ಹಳೆಯದು ನಗರದೊಳಗೆ, ಹೊಸದು ಪನ್ವೇಲ್ ಪಕ್ಕದಲ್ಲೇ. ನಾನು ಹೊಸದಕ್ಕೆ ಮಾಡಿಸಿದೆ. ಇಳಿದು ಆಟೋದಲ್ಲಿ ಹೋಗಬಹುದಾದಷ್ಟು ಹತ್ತಿರ. ಇಷ್ಟು ಅಚ್ಚುಕಟ್ಟಾದ ಟಿಕೆಟ್ ನನ್ನ ಜನ್ಮದಲ್ಲಿ ಮಾಡಿಸಿರಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ.

ಹೊರಡುವ ದಿನ ಮಂಗಳವಾರ. ಮಂಗಳವಾರ ಮನೆ ಬಿಡಬಾರದು ಎಂಬುದು ಗೌರಮ್ಮನ ಹಟ. ಇದಕ್ಕೆ ನಮ್ಮಲ್ಲಿ ಹಿಂದಿನಿಂದ ಒಂದು ಉಪಾಯ ಇದೆ. ಒಳ್ಳೆಯ ದಿನ, ಒಳ್ಳೆಯ ಹೊತ್ತು ನೋಡಿ, ಪ್ರಯಾಣದ ಒಂದು ಚೀಲವನ್ನು ಮೊದಲೇ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಪರಸ್ತಾನ ಇಡುವುದು ಎನ್ನುತ್ತಾರೆ. ಚೀಲ ಮನೆ ಬಿಟ್ಟಿತೆಂದರೆ ನೀವೂ ಮನೆ ಬಿಟ್ಟಂತೆ. ಆಮೇಲೆ ಯಾವ ವಾರ ಬೇಕಾದರೂ ಆ ಚೀಲ ಎತ್ತಿಕೊಂಡು ಹೊರಡಬಹುದು, ಅದನ್ನು ತಿರುಗಿ ಮನೆಯೊಳಗೆ ಮಾತ್ರ ತರಬಾರದು. ಸೋಮವಾರ ಸಂಜೆ ಗೌರಮ್ಮ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮನಲ್ಲಿ ಚೀಲ ಇಟ್ಟಳು. ಹಾಗೆ ಇಡುವಾಗ ಬೇರೆಯವರು ಒಂದು ಟವೆಲ್ಲೋ ಹಳೆ ಸೀರೆಯೋ ಇಡುತ್ತಾರೆ. ಗೌರಮ್ಮ ನೇಮದ ಹೆಂಗಸು, ಮುಖ್ಯವಾದುದನ್ನೇ ಇಟ್ಟಳು. ಅದರಲ್ಲಿ ಅವಳ ಆಧಾರ್ ಕಾರ್ಡೂ ಇತ್ತು.

ಮಂಗಳವಾರ ಬೆಳಗಾಗುವ ಮೊದಲೇ ಪುಟ್ಟಲಕ್ಷ್ಮಮ್ಮನಿಗೆ ಮಳವಳ್ಳಿಯಿಂದ ಫೋನು ಬಂತು, ಮಗಳಿಗೆ ಹೆರಿಗೆ ನೋವು. ಆಕೆ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಮೊದಲ ಬಸ್ಸಿಗೆ ಹೊರಟುಹೋದಳು. ನಮ್ಮ ಡ್ರೈವರ್ ಸಿದ್ದರಾಜು ಕಾರು ತೆಗೆದುಕೊಂಡು ಹೋದಾಗ ಗಂಡ ಹೆಂಡತಿ ಇಬ್ಬರೂ ಆ ಬೀಗದ ಮುಂದೆ ನಿಂತಿದ್ದರಂತೆ. ನನಗೆ ಫೋನ್ ಮಾಡಿದರು.

"ಬೀಗ ಒಡ್ದುಬುಡ್ಲಾ ಮೇಡಂ?" ಎಂದ ಸಿದ್ದರಾಜು.

ಹಿಂದಿನಿಂದ ಗೌರಮ್ಮನ ದನಿ ಕೇಳಿತು. "ಕಳ್ಳರಂಗೆ ಬೀಗ ಒಡ್ದು ಚೀಲ ತಕ್ಕೊಂಡು ಓದ್ರೆ ಅದೆಂತಾ ಪರಸ್ತಾನ ಕಣ್ಲಾ? ಮದ್ವೆಗೆ ಓಯ್ತಿರೋದು ನಾನು."

ಅವಳಿಗೆ ಬೇರೆ ಯಾವ ಗುರುತಿನ ಚೀಟಿ ಇದೆ ಎಂದು ಕೇಳಿದೆ. ವೋಟಿನ ಕಾರ್ಡೂ ಅದೇ ಚೀಲದಲ್ಲಿ. ನಿಂಗೇಗೌಡನ ಆಧಾರ್ ಅವನ ಅಂಗಿ ಜೇಬಿನಲ್ಲೇ ಇತ್ತು. ಹಾಗಾಗಿ ಅವನು ಹೋಗಬಹುದು, ಅವಳು ಹೋಗುವಂತಿಲ್ಲ. ಸೋದರಮಾವ ಸಂಜೆಯೊಳಗೆ ಚಪ್ಪರದ ಕೆಳಗಿರಬೇಕು. ನೀವು ಹೊರಡಿ ಗೌಡ್ರೇ ಎಂದೆ. ಅವನು ಹೆಂಡತಿಯ ಮುಖ ನೋಡುತ್ತ ಕಾರು ಹತ್ತಿದನಂತೆ.

ಮಳವಳ್ಳಿಯಿಂದ ಪುಟ್ಟಲಕ್ಷ್ಮಮ್ಮ ಬೀಗದ ಕೈಯನ್ನು ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಕಳಿಸಿದಳು. ನಮ್ಮಲ್ಲಿ ಬಸ್ಸಿನವರ ಕೈಯಲ್ಲಿ ಕೊಟ್ಟದ್ದು ತಲುಪದೆ ಇರುವುದಿಲ್ಲ. ಹಾಲು, ಮೊಸರು, ಔಷಧಿ, ಜಾತಕ ಎಲ್ಲ ಹೀಗೆಯೇ ಓಡಾಡುತ್ತವೆ. ಅಷ್ಟರಲ್ಲಿ ನಾನು ಬೇರೆ ವಿಮಾನ ಹುಡುಕುತ್ತಿದ್ದೆ. ಹೊಸ ನಿಲ್ದಾಣಕ್ಕೆ ಅವತ್ತು ಸೀಟು ಇರಲಿಲ್ಲ. ಮಧ್ಯಾಹ್ನದ ವಿಮಾನವೊಂದರಲ್ಲಿ ಹಳೆಯ ನಿಲ್ದಾಣಕ್ಕೆ ಸಿಕ್ಕಿತು, ನಗರದ ಇನ್ನೊಂದು ಕಡೆಗೆ. ನನ್ನ ಅಚ್ಚುಕಟ್ಟಾದ ಟಿಕೆಟ್ ನೀರುಪಾಲಾಯಿತು. ಮೈಸೂರು ದಾಟಿ ಒಬ್ಬಳೇ ಎಲ್ಲಿಗೂ ಹೋಗದ ಹೆಂಗಸು ಅಷ್ಟು ದೊಡ್ಡ ಊರನ್ನು ಹೇಗೆ ದಾಟುತ್ತಾಳೆ? ಬೆಂಗಳೂರಿನವರೆಗಾದರೂ ಜೊತೆಗಿರೋಣ ಎಂದು ಆಫೀಸಿಗೆ ಬಾಗಿಲು ಹಾಕಿ ನಾನೇ ಹೊರಟೆ. ನಾನು ಮಂಡ್ಯದಲ್ಲಿ ರೈಲು ಹತ್ತಿದೆ, ಗೌರಮ್ಮ ಮದ್ದೂರಿನಲ್ಲಿ ಹತ್ತಿದಳು. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದಳು.

"ಮೇಲಿಡಿ ಗೌರಮ್ಮ," ಎಂದೆ.

"ಬ್ಯಾಡ ಸುಸೀಲಮ್ಮ. ಇದ್ರಾಗೆ ನಮ್ಮತ್ತೆ ಧಾರೆ ಸೀರೆ ಅದೆ."

ರಾಮನಗರ ದಾಟುವಷ್ಟರಲ್ಲಿ ಪೂರ್ತಿ ಕಥೆ ಹೊರಗೆ ಬಂತು. ಗೌರಮ್ಮನ ಅತ್ತೆ, ಅಂದರೆ ಜಯಮ್ಮನ ತಾಯಿ, ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದರು. ನೋಡಿಕೊಂಡವಳು ಗೌರಮ್ಮ. ಸುದ್ದಿ ಹೋದ ಮೇಲೆ ಜಯಮ್ಮ ಮುಂಬೈಯಿಂದ ರೈಲಿನಲ್ಲಿ ಬಂದು ತಲುಪುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಕಾರ್ಯದ ದಿನ ಜಯಮ್ಮ ಅವ್ವನ ಧಾರೆ ಸೀರೆ ಕೇಳಿದಳು. ಅದು ಮನೆಯಲ್ಲೇ ಇರಲಿ ಎಂದಳು ಗೌರಮ್ಮ. ಜಯಮ್ಮ ನೆಂಟರೆಲ್ಲರ ಮುಂದೆ, ಅವ್ವನ ಬಟ್ಟೆ ಒಗೆದದ್ದಕ್ಕೆ ಕೂಲಿ ಇಸಕೊಂಡಳು ಎಂದುಬಿಟ್ಟಳು. ಅವತ್ತಿನಿಂದ ಅತ್ತಿಗೆ ನಾದಿನಿಗೆ ಮಾತಿಲ್ಲ.

"ಈಗ ಆ ಮಗೀಗೆ ಉಡ್ಸುವಾ ಅಂತ ನಾನೇ ತಕ್ಕೊಂಡು ಓಯ್ತಾ ಇವ್ನಿ," ಎಂದಳು ಗೌರಮ್ಮ. "ನಮ್ಮನೆಯೋರ್ಗೂ ಏಳಿಲ್ಲ. ಅವ್ಳು ಇಸ್ಕೊಳ್ದೆ ಮೊಕ ತಿರುಗ್ಸಿದ್ರೆ? ಎಲ್ರ ಎದುರ್ಗೆ ನಾನು ಸೀರೆ ಇಡ್ಕೊಂಡು ನಿಂತಿರ್ಬೇಕಾಯ್ತದೆ."

ಟಿಕೆಟ್ ಮಾಡಿಸುವವಳಿಗೆ ಇದೆಲ್ಲ ಗೊತ್ತಿರುವುದಿಲ್ಲ. ಊರು ಕೇಳಿದ್ದೆ, ಮನೆ ಕೇಳಿದ್ದೆ, ಇದನ್ನು ಕೇಳಿರಲಿಲ್ಲ.

ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವಾಗ ಚೀಲದಲ್ಲಿ ಇನ್ನೇನಿದೆ ಎಂದು ನೋಡಿದೆ. ಮಡಿಲಕ್ಕಿಗೆಂದು ಕೊಬ್ಬರಿ ಗಿಟುಕು ತುಂಬಿದ್ದಳು. ಕೊಬ್ಬರಿ ಬೇಗ ಬೆಂಕಿ ಹತ್ತಿಕೊಳ್ಳುತ್ತದೆಂದು ವಿಮಾನದಲ್ಲಿ ಬಿಡುವುದಿಲ್ಲ. ನಮ್ಮ ಕಡೆಯವರು ಯಾರೂ ಇದನ್ನು ನಂಬುವುದಿಲ್ಲ, ಗೌರಮ್ಮನೂ ನಂಬಲಿಲ್ಲ. "ಮಡ್ಲಕ್ಕಿ ಕೊಬ್ರಿ ಎಲ್ಲಾರಾ ಬೆಂಕಿ ಅಚ್ತದಾ?" ಎಂದು ನನ್ನನ್ನೇ ಗದರಿದಳು. ಆಮೇಲೆ ಒಂದೊಂದೇ ತೆಗೆದು ನನ್ನ ಸೆರಗಿಗೆ ಹಾಕಿದಳು. ಸುತ್ತ ನಿಂತವರು ನೋಡುತ್ತಿದ್ದರು. ತವರು ಮನೆಯಿಂದ ಹೊರಟವಳಂತೆ ನಾನು ಮಡಿಲು ತುಂಬಿಸಿಕೊಂಡು ಬಸ್ಸು ಹತ್ತಿದೆ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಇದ್ದಾಗ ನಿಂಗೇಗೌಡನ ಫೋನು ಬಂತು. ಅವನು ಆರಾಮಾಗಿ ಪನ್ವೇಲ್ ತಲುಪಿದ್ದ. "ನೋಡಿ, ಇಲ್ಲಿ ಎಲ್ರೂ ಚಪ್ರುದ್ ಕೆಲ್ಸುದಾಗವ್ರೆ. ಜಯಮ್ಮ ಟ್ಯಾಕ್ಸಿ ಮಾಡ್ಕೊಂಡು ಊವಿಗೆ ಅಂತ ದಾದರ್ಗೆ ಓಗವ್ಳೆ. ಅಲ್ಲಿಂದ ಆ ಅಳೇ ಏರ್‌ಪೋಲ್ಟು ಅತ್ರ ಅಂತೆ. ಬರೋವಾಗ ಅತ್ಗೇನೂ ಕರ್ಕೊಂಡು ಬಾ ಅಂದೆ. ಊ ಅಂದವ್ಳೆ, ಅಷ್ಟೇಯ."

ಗೌರಮ್ಮನಿಗೆ ಹೇಳಿದೆ. ಅವಳ ಮುಖ ಸಣ್ಣಗಾಯಿತು.

"ಅವ್ಳೊಬ್ಳೇನಾ ಬರೋದು? ಆ ಅಳೇ ಏರ್‌ಪೋಲ್ಟಿಂದ ಮನೆ ಎಷ್ಟು ದೂರ?"

"ದೂರವೇ. ಸಂಜೆ ಹೊತ್ತು, ಟ್ರಾಫಿಕ್ ಬೇರೆ ಇರುತ್ತೆ."

"ಅಷ್ಟೊತ್ತೂ ಅವ್ಳ ಪಕ್ಕ ಕೂತಿರ್ಬೇಕಾ? ಬ್ಯಾಡ ಬುಡಿ, ನಾನು ಊರ್ಗೆ ಓಯ್ತೀನಿ," ಎಂದು ತಿರುಗಿಯೇಬಿಟ್ಟಳು.

"ಪರಸ್ತಾನ ಇಟ್ಟ ಚೀಲ ತಿರುಗಿ ಮನೆಗೆ ತರಬಹುದಾ ಗೌರಮ್ಮ?" ಎಂದೆ.

ಅವಳು ನಿಂತಳು. ನನ್ನನ್ನು ಗುರಾಯಿಸಿ ನೋಡಿದಳು. "ನೀವು ಬಲೇ ಜೋರು ಕಣಮ್ಮ," ಎಂದು ಚೀಲವನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದಳು. ಏನೂ ತಿಳಿಯದಿದ್ದರೆ ಅಲ್ಲಿನ ಕೆಲಸದವರನ್ನು ಕೇಳಿ ಎಂದಿದ್ದೆ. ಅವಳು ಯಾರನ್ನೂ ಕೇಳದೆ ತಲೆತುಂಬ ಮಲ್ಲಿಗೆ ಮುಡಿದಿದ್ದ ಒಬ್ಬ ಹೆಂಗಸನ್ನು ನಂಬಿ ಅವಳ ಹಿಂದೆಯೇ ಹೋಗಿ ಹೈದರಾಬಾದಿನ ಸಾಲಿನಲ್ಲಿ ನಿಂತಿದ್ದಳಂತೆ. ಕೆಲಸದ ಹುಡುಗಿಯೊಬ್ಬಳು ಚೀಟಿ ನೋಡಿ ಸರಿಯಾದ ಕಡೆಗೆ ಬಿಟ್ಟಳಂತೆ. ನಾನು ಕೊಬ್ಬರಿ ಹೊತ್ತುಕೊಂಡು ಮಂಡ್ಯಕ್ಕೆ ವಾಪಸ್ ಬಂದೆ. ಮಾರನೆಯ ದಿನ ಧಾರೆಯ ಹೊತ್ತು ದಾಟುವವರೆಗೂ ನನಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಯಾರಿಗೋ ತಿರುಪತಿಯ ಬದಲು ತಿರುವನಂತಪುರ ಎಂದು ಒತ್ತಲು ಹೋಗಿ ಸದ್ಯ ತಡೆದುಕೊಂಡೆ.

ಮದುವೆ ಮುಗಿಸಿ ಬಂದ ಮೇಲೆ ಗೌರಮ್ಮ ಆಫೀಸಿಗೆ ಬಂದಳು. ಬೆಂಚಿನ ಮೇಲೆ ಕಾಲು ಮಡಿಸಿ ಕೂತಳು. ಅವಳು ಹೇಳಿದ್ದನ್ನು ಹೇಳುತ್ತೇನೆ.

ಜಯಮ್ಮ ಹೂವಿನ ಬುಟ್ಟಿಗಳ ನಡುವೆ ಟ್ಯಾಕ್ಸಿಯಲ್ಲಿ ಕೂತಿದ್ದಳು. ಇವಳು ಹತ್ತಿದಳು. ಇಬ್ಬರ ಮಧ್ಯೆ ಒಂದು ಸೇವಂತಿಗೆ ಬುಟ್ಟಿ. ಬಹಳ ದೂರದವರೆಗೆ ಇವಳು ಒಂದು ಕಿಟಕಿ, ಅವಳು ಒಂದು ಕಿಟಕಿ. ಒಂದು ಕಡೆ ಗಾಡಿಗಳೆಲ್ಲ ನಿಂತೇಬಿಟ್ಟವು. ಇಳಿದು ಹೋಗುವಂತಿಲ್ಲ, ಎದ್ದು ಒಳಗೆ ಹೋಗಿ ಪಾತ್ರೆ ಕುಕ್ಕುವಂತಿಲ್ಲ. ಆಗ ಜಯಮ್ಮ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳಂತೆ:

"ಅತ್ಗೆ, ಅವ್ವ ಕೊನೇಲಿ ನನ್ನ ಕೇಳಿದ್ಲಾ?"

"ದಿನಾ ಕೇಳೋರು ಕಣೆ. ಜಯ ಬಂದ್ಲಾ ಅನ್ನೋರು. ರೈಲು ಅತ್ತವ್ಳೆ ಕಣತ್ತೆ, ಬತ್ತಾವ್ಳೆ ಅಂತ ದಿನಾ ಏಳ್ತಿದ್ದೆ. ಅಂಗಂದ್ರೆ ಮಲಗೋರು."

ಜಯಮ್ಮ ಅಲ್ಲೇ ಅತ್ತುಬಿಟ್ಟಳು. ಗೌರಮ್ಮನೂ ಅತ್ತಳು. ಟ್ಯಾಕ್ಸಿಯವನು ಗಾಬರಿಯಾಗಿ ಹಿಂದಿಯಲ್ಲಿ ಏನೋ ಕೇಳಿ ನೀರಿನ ಬಾಟಲಿ ಕೊಟ್ಟನಂತೆ. ಅಷ್ಟು ವರ್ಷ ಸೀರೆಯ ಜಗಳ ಅಂದುಕೊಂಡಿದ್ದದ್ದು ಸೀರೆಯದಾಗಿರಲಿಲ್ಲ. ತಾಯಿಯ ಮುಖ ನೋಡಲಾಗದ ಮಗಳ ಸಂಕಟ ಅದು. ಅದನ್ನು ಕೇಳಲು ಅವಳಿಗೆ ಜಾಗ ಸಿಕ್ಕಿರಲಿಲ್ಲ. ದಾರಿಯಲ್ಲಿ ಒಂದು ದೊಡ್ಡ ಸೇತುವೆ ದಾಟುವಾಗ ಗೌರಮ್ಮ ಚೀಲ ಬಿಚ್ಚಿ ಸೀರೆಯನ್ನು ಅವಳ ತೊಡೆಯ ಮೇಲಿಟ್ಟಳು. ಮಾರನೆಯ ದಿನ ಹುಡುಗಿ ಅಜ್ಜಿಯ ಸೀರೆ ಉಟ್ಟು, ಮಾವನ ಕೈ ಹಿಡಿದು ಧಾರೆಗೆ ಬಂದಳು.

"ನೀವು ಮೊದ್ಲು ಕೊಟ್ಟಿದ್ದ ಅತ್ರದ ಟಿಕೀಟ್ನಾಗೆ ಓಗಿದ್ರೆ ಅಷ್ಟೇಯ," ಎಂದಳು ಗೌರಮ್ಮ. "ಇಳಿದ್ರೆ ಮನೆ, ಮನೆ ತುಂಬ ಜನ. ಯಾರು ಯಾರ್ಗೆ ಏನು ಕೇಳಾಕಾಯ್ತಿತ್ತು?"

ಕೊಬ್ಬರಿ ವಾಪಸ್ ಕೊಡಲು ಹೋದೆ, ಮಡಿಲಿಗೆ ಹಾಕಿದ್ದನ್ನು ತಿರುಗಿ ತೆಗೆದುಕೊಳ್ಳುತ್ತಾರಾ ಎಂದು ಅದಕ್ಕೂ ಬೈದಳು.

ಮೊನ್ನೆ ನಾನು ಸುಮ್ಮನೆ ಮಾತಾಡಿಸಿಕೊಂಡು ಬರೋಣವೆಂದು ಆಫೀಸಿಗೆ ಹೋಗಿದ್ದಾಗ ಗೌರಮ್ಮ ಅಲ್ಲಿದ್ದಳು. ಜಯಮ್ಮನ ಮಗಳಿಗೆ ಈಗ ಸೀಮಂತ. ಗೌರಮ್ಮ ಎರಡು ದಿನ ಮುಂಚೆಯೇ ಒಬ್ಬಳೇ ಹೊರಟಿದ್ದಾಳೆ. ಚೈತ್ರಾ ಫೋನ್ ನೋಡದೆ ಮೊದಲು ಮನೆ ಎಲ್ಲಿ ಎಂದು ಕೇಳಿದಳು. ನನಗೆ ಖುಷಿಯಾಯಿತು. ಪನ್ವೇಲ್ ಎಂದಾಗ, "ಹಾಗಾದರೆ ಹೊಸ ಏರ್‌ಪೋರ್ಟೇ ಹತ್ತಿರ, ಸೀಟೂ ಇದೆ, ಮಾಡಲಾ?" ಎಂದಳು. ಎಲ್ಲ ಸರಿಯಾಗಿಯೇ ಕಲಿತಿದ್ದಾಳೆ.

"ಬ್ಯಾಡ ಕಣವ್ವ," ಎಂದಳು ಗೌರಮ್ಮ. "ಅಳೇದುಕ್ಕೇ ಆಕು. ಜಯ ಬತ್ತಾಳೆ ಕರ್ಕೊಂಡು ಓಗಾಕೆ. ನಮ್ಗೆ ಬೇಜಾನ್ ಮಾತಾಡೋದದೆ."

ಚೈತ್ರಾ ನನ್ನ ಮುಖ ನೋಡಿದಳು.

"ದೂರದ್ದಕ್ಕೇ ಮಾಡಮ್ಮ," ಎಂದೆ.